ಎರಡರಲ್ಲಿ ಯಾವುದೋ ಒಂದು ಪತಂಗ

ವಿಷದಲ್ಲಿ ಅದ್ದಿದ ಹತ್ತಿಯನ್ನು ಚಿಮುಟದಲ್ಲಿ ಹಿಡಿದ ಚೇತನಾಗೆ ಸೀಸೆಯ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಒಳಗಿದ್ದ ಗರಿರೆಕ್ಕೆಯ ಪತಂಗ ಕಡ್ಡಿಯಂಥ ರೆಕ್ಕೆಗಳನ್ನು ಚಾಚಿ ಕೂತಿತ್ತು. ಅವಳು ಪಿಎಚ್‌ಡಿಗೆಂದು ಗದಗದಿಂದ ಬಂದು ಈ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು. ನೋಡಲು ಒಂದೇ ಥರ ಇರುವ ಎರಡು ಪ್ರಭೇದಗಳಲ್ಲಿ ಇದು ಯಾವುದೆಂದು ತಿಳಿಯಲು ಕೊಂದು, ಹೊಟ್ಟೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕಿತ್ತು. ಕೆಂಗೇರಿಯಾಚೆಯ ಕೆರೆದಡದ ಪೊದೆಗಳನ್ನು ಸೋಮವಾರ ಬುಲ್ಡೋಜರ್ ಕಿತ್ತೆಸೆಯಲಿತ್ತು. ತಡೆಯಬೇಕಾದರೆ ಅಲ್ಲಿರುವ ಪತಂಗದ ಹೆಸರು ಹೇಳುವ ವರದಿ ಸಂಜೆಯೊಳಗೆ ಕೆರೆಯ ಕಮಿಟಿಗೆ ಹೋಗಬೇಕು. ಮೂರು ವಾರ ಹುಡುಕಿದ ಮೇಲೆ ಸಿಕ್ಕಿದ್ದು ಇದೊಂದೇ.

ಕಾಫಿ ತಂದ ಮನೆಯೊಡತಿ ವಿಮಲಮ್ಮ ಬಗ್ಗಿ ನೋಡಿದರು. "ಅಯ್ಯೋ, ಇದನ್ನ ಸಾಯಿಸ್ತೀಯೇನೇ?"

"ಎರಡು ಜಾತಿಯೊಳಗ ಇದು ಯಾವುದಂತ ಹೆಸರು ಬರೀಬೇಕಲ್ರೀ ಆಂಟಿ."

"ಎರಡ್ರಲ್ಲಿ ಯಾವುದು ಕಮ್ಮಿ ಇರೋದು?"

"ಎರಡೂ ಅಳಿಯೋ ಹಂತಕ್ಕ ಬಂದಾವ್ರೀ."

"ಮತ್ತೆ ಯಾವುದಾದ್ರೇನು? ಎರಡನ್ನೂ ಉಳಿಸ್ಬೇಕು ತಾನೆ?"

ಚೇತನಾ ಎದ್ದು ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಕಾಫಿ ಆರಿತು. ಕೊನೆಗೆ ಗೈಡ್ ಯೋಗಾನಂದರಿಗೆ ಫೋನ್ ಮಾಡಿದಳು.

"ಸಾರ್, ಎರಡೂ ಹೆಸರು ಬರೀತೀನ್ರೀ. ಎರಡ್ರೊಳಗ ಯಾವುದೋ ಒಂದು ಅಂತ."

"ಕಮಿಟಿ ಒಪ್ಪಲ್ಲ ಕಣಮ್ಮ. ಸ್ಯಾಂಪಲ್ ಎಲ್ಲಿ ಅಂತಾರೆ."

"ಕೆರೀ ದಂಡೀಗೆ ಬರ್ರಿ ಅನ್ರಿ ಸಾರ್. ಇದನ್ನ ಅಲ್ಲೇ ಗಿಡದ ಮ್ಯಾಲೆ ಬಿಟ್ಟು ತೋರಸ್ತೀನಿ."

ಆ ಕಡೆ ಯೋಗಾನಂದರು ಇನ್ನೂ ಏನೋ ಹೇಳುತ್ತಿದ್ದರು. ಚೇತನಾ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಚಪ್ಪಲಿ ಮೆಟ್ಟಿಕೊಂಡು, ಆಗಲೇ ಮೆಟ್ಟಿಲಿಳಿಯುತ್ತಿದ್ದಳು.