ಅವ್ವನ ಸೆರಗು, ಕೆಂಪು ಕಾರು

ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ.

ಅಂದು ವಕೀಲರಾಗಿದ್ದ ಅಪ್ಪನಿಗೆ ತೋರಿಸಲು ಮೋಟಾರು ವ್ಯಾಪಾರಿ ಸಾಬರು ಆಳಂದದ ನಮ್ಮ ಮನೆಯ ಮುಂದೆ ಎರಡು ಕಾರು ತಂದು ನಿಲ್ಲಿಸಿದ್ದರು. ಒಂದು ಹೊಸದು, ಕಪ್ಪಗೆ, ಸಾದಾ. ಇನ್ನೊಂದು ಯಾರೋ ಜಾಗೀರದಾರರು ಓಡಿಸಿ ಬಿಟ್ಟದ್ದು, ಮೇಲೆ ಮುಚ್ಚಿಗೆ ಇಲ್ಲದ ಕೆಂಪು ರೇಸಿನ ಕಾರು. ಅವ್ವ ಹೊಸ ಕಾರಿನ ಕಿಟಕಿಯೊಳಗೆ ಬಗ್ಗಿ, "ಪೆಟ್ರೋಲ್ ವಾಸನಿ ಎಷ್ಟ ಚಂದ ಐತಿ!" ಎಂದು ನಕ್ಕಳು.

"ಕೆಂಪಂದು ಕುದರಿ ಹಂಗ ಓಡತದ್ರಿ, ವಕೀಲಸಾಬ" ಎಂದರು ಸಾಬರು.

ಅಪ್ಪ ಅವ್ವನನ್ನೂ ನನ್ನನ್ನೂ ಅದರಲ್ಲಿ ಕೂರಿಸಿಕೊಂಡು ಪೇಟೆಯಲ್ಲಿ ಒಂದು ಸುತ್ತು ಹೊಡೆದರು. ಗಾಳಿಗೆ ಅವ್ವನ ಸೆರಗು ತಲೆಯಿಂದ ಹಾರಿತು. ಗಂಡಸರೆದುರು ಎಂದೂ ಬರಿದಲೆಯಲ್ಲಿ ನಿಲ್ಲದ ಅವಳು ಎರಡೂ ಕೈಯಿಂದ ಸೆರಗು ಹಿಡಿದು, ಮುಖವನ್ನು ಮೊಣಕಾಲಿಗೆ ಹಚ್ಚಿ ಕೂತಳು. ಕಾನ್ವೆಂಟಿನ ಗೆಳತಿಯರ ಮುಂದೆ ಕೆಂಪು ಕಾರಿನಿಂದ ಇಳಿಯುವುದನ್ನೇ ನೆನೆಯುತ್ತಿದ್ದ ನಾನು ಕಿಸಕ್ಕನೆ ನಕ್ಕೆ.

ಮನೆಗೆ ಬಂದ ಮೇಲೆ ಅಪ್ಪ ನನ್ನನ್ನೇ ಕೇಳಿದರು: "ಯಾವ್ದ ತಗೊಳ್ಳೂಣು, ಹೇಳ ಬೇ?"

"ಕೆಂಪಂದ. ಅವ್ವ ಹೆಂಗೂ ಮನ್ಯಾಗ ಇರ್ತಾಳಲ್ಲ."

ಕೂದಲಿನ ಧೂಳು ಒರೆಸಿಕೊಳ್ಳುತ್ತಿದ್ದ ಅವ್ವನ ಕೈ ಅಲ್ಲೇ ನಿಂತಿತು.

ಅಪ್ಪ ಕೊಂಡ ಆ ಕೆಂಪು ಕಾರಿನಲ್ಲಿ ಅವಳು ಮತ್ತೆ ಕೂರಲಿಲ್ಲ. ತವರೂರು ಮಣ್ಣೂರಿಗೂ ಬಂಡಿಯಲ್ಲೇ ಹೋದಳು. ಯಾಕೆಂದು ಕೇಳಿದವರಿಗೆ, ನಾನು ಪಕ್ಕದಲ್ಲೇ ನಿಂತಿರುವಾಗ, ಮೆಲ್ಲಗೆ ಹೇಳುತ್ತಿದ್ದಳು: "ನನಗ ಆ ಪೆಟ್ರೋಲ್ ವಾಸನಿ ಆಗಂಗಿಲ್ರಿ."