ನಾಲ್ಕನೆಯ ರೋಗಿ

“ಬಾಯಿ ಬಿಡ್ರಿ,” ಎಂದಳು ಐಶ್ವರ್ಯ.

ಗೌರೀಶ ನಾಲಿಗೆ ಚಾಚಿದ.

“ಹಂಗಲ್ರಿ. ಮನಸ್ಸಿನ್ಯಾಗ ಏನೈತಿ, ಅದನ್ನ ಹೇಳ್ರಿ.”

ಅವನು ನಾಲಿಗೆ ಒಳಗೆಳೆದುಕೊಂಡ.

ಶಲವಡಿಯ ಶಾಲೆಯಲ್ಲಿ ಮಾನಸಿಕ ಆರೋಗ್ಯ ಶಿಬಿರದ ಕೊನೆಯ ದಿನ. ಎಂ.ಬಿ.ಬಿ.ಎಸ್. ಕೊನೆಯ ವರ್ಷದ ಐಶ್ವರ್ಯಳಿಗೆ ಮನೋವೈದ್ಯೆಯಾಗುವ ಆಸೆ. ಆದರೆ ಮೂವರು ರೋಗಿಗಳು ಅವಳೆದುರು ಕೂತು, ಮಂಡಿನೋವು ಮತ್ತು ಎಮ್ಮೆಯ ಸಮಾಚಾರ ಹೇಳಿ ಎದ್ದುಹೋಗಿದ್ದರು. ಪ್ರೊಫೆಸರ್ ರೋಹಿಣಿ ನಕ್ಕಿದ್ದರು: “ನಾಲ್ಕನೇದವನೂ ಏನೂ ಹೇಳ್ಲಿಲ್ಲಂದ್ರ ನೀ ಸರ್ಜನ್ ಆಗವ್ವ. ಅಲ್ಲಿ ಪೇಶಂಟ್ ಮಲಗೇ ಇರ್ತಾನ.”

ನಾಲ್ಕನೆಯವನೇ ಈ ಗೌರೀಶ. ಅವನ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಅವನಿಗೆ ನಿದ್ದೆಯಿಲ್ಲವೆಂದು ದೂರು ಹೇಳಿದ್ದು ಇಳಕಲ್ ಸೀರೆಯುಟ್ಟ ತಾಯಿ ನೀಲಕ್ಕ. ಪ್ರಶ್ನೆಗಳೂ ಆಕೆಯವೇ.

“ನಿಮ್ಮೂರು ಯಾವುದವ್ವಾ?”

“ಕುಬಿಹಾಳ್ರಿ.”

“ಅಕ್ಕ-ತಂಗ್ಯಾರು ಎಷ್ಟು ಮಂದಿ?”

“ನಾ ಒಬ್ಬಾಕೀನರಿ. ಇವರಿಗೆ ನಿದ್ದಿ ಯಾವಾಗಿಂದ ಇಲ್ಲ?”

“ಅದಿರಲಿ. ಆ ಬಿ.ಪಿ. ಮಷೀನ್ ತಗೊಂಡು ಬಾ, ನಂದೂ ನೋಡು.”

ಐಶ್ವರ್ಯ ಕೋಣೆಯ ಆ ತುದಿಗೆ ನಡೆದುಹೋಗಿ ತಂದಳು. ನೀಲಕ್ಕನ ಕಣ್ಣು ಮಷೀನಿನ ಮೇಲಿರಲಿಲ್ಲ. ‘ತಾಯಿಗೆ ಆತಂಕ ಜಾಸ್ತಿ’ ಎಂದು ಬರೆದುಕೊಂಡು, ಆಕೆಯನ್ನು ಹೊರಗೆ ಕಳಿಸಿದಳು. ನೀಲಕ್ಕ ಬಾಗಿಲ ಪರದೆಯಾಚೆಗೇ ನಿಂತದ್ದು ಐಶ್ವರ್ಯಳಿಗೆ ಕಾಣಲಿಲ್ಲ.

ಪೆನ್ನು ಕೆಳಗಿಟ್ಟಳು. ಏನೂ ಕೇಳಲಿಲ್ಲ. ಒಂದು ನಿಮಿಷ. ಎರಡು. ಗೌರೀಶನ ಮಂಡಿ ಕುಣಿಯತೊಡಗಿತು.

“ನಿದ್ದಿ ಖರೇನ ಇಲ್ರಿ,” ಅಂದುಬಿಟ್ಟ. “ಕೆಲಸ ಹೋಗಿ ಎಂಟು ತಿಂಗಳಾತು. ಮನ್ಯಾಗ ಗೊತ್ತಿಲ್ಲ. ದಿನಾ ಹುಬ್ಬಳ್ಳಿಗಂತ ಡಬ್ಬಿ ಕಟ್ಟಿಸ್ಕೊಂಡು ಹೊಂಡ್ತೀನಿ, ಅಣ್ಣಿಗೇರಿ ಸ್ಟೇಷನ್ನಿನ್ಯಾಗ ಕುಂದರತೀನಿ. ಸಂಜಿಗೆ ದಣಿದವರಂಗ ಮಾಡ್ಕೊಂತ ವಾಪಸ್.”

“ದಣಿಯೂದಿಲ್ಲೇನ್ರಿ?”

“ಅಗದಿ ದಣೀತೀನ್ರಿ.”

ಇಬ್ಬರಿಗೂ ನಗು ಬಂತು. ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ನಗುತ್ತಲೇ ಎರಡು ಸಲ ಕಣ್ಣೊರೆಸಿಕೊಂಡ. ಸೋಮವಾರ ಆಸ್ಪತ್ರೆಗೆ ಬರುವುದಾಗಿ ತಾನೇ ಹೇಳಿದ.

ರೋಹಿಣಿ ಟಿಪ್ಪಣಿ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. “ನನ್ನ ಮುಂದೂ ಇಷ್ಟು ಹೇಳ್ತಿದ್ದಿಲ್ಲ ಅಂವ. ನೀ ನಮ್ಮ ವಿಭಾಗಕ್ಕ ಬಂದುಬಿಡವ್ವ.”

ಐಶ್ವರ್ಯ ಬೆಂಚುಗಳ ನಡುವೆ ಗಿರ್ರನೆ ಒಂದು ಸುತ್ತು ತಿರುಗಿದಳು.

ಹೊರಗೆ, ಶಿಬಿರದ ಚೀಟಿ ಬರೆಯುವ ಪುಂಡಲೀಕ ನೀಲಕ್ಕನ ಕಡೆ ಬಾಗಿದ. “ಪೇಶಂಟ್ ಅಂತ ಚೀಟಿ ಬರದು, ಆಕೀಗೂ ಗೊತ್ತಾಗಧಂಗ ಕನ್ಯಾ ತೋರಿಸೀನ್ರಿ. ಹೆಂಗದಾಳ? ನಾಳೆ ಕುಬಿಹಾಳಕ್ಕ ಹೋಗಿ ಅವರಪ್ಪನ್ನ ಕೇಳ್ಲೇನು?”

“ಒಲ್ಲೆ,” ಎಂದಳು ನೀಲಕ್ಕ. “ಹತ್ತು ನಿಮಿಷದಾಗ ನನ್ನ ಮಗಂದೆಲ್ಲ ಹೊರಗ ತೆಗದ್ಲು. ಸೊಸಿಯಾಗಿ ಬಂದ್ರ ನಂದೇನು ಗತಿ?”