ಅಜ್ಜಿಯ ಜರ್ಮನ್

ಶೇಂಗಾ ಹುರಿದ ವಾಸನೆ ಬಂದರೆ ನನಗೆ ಈಗಲೂ ಒಂದು ಜರ್ಮನ್ ಪದ ನೆನಪಾಗುತ್ತದೆ.

ಅಪ್ಪನ ತಂಗಿ, ನಮ್ಮ ಅತ್ತೆ, ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಮುಂದಿನ ವಾರ ತರಬೇತಿಗೆಂದು ಜರ್ಮನಿಗೆ ಹೊರಡುವವಳಿದ್ದಳು. ಅಂದು ಮಧ್ಯಾಹ್ನ ಪುಣೆಯ ಬಿಬವೇವಾಡಿಯ ನಮ್ಮ ಅಡುಗೆಮನೆಯಲ್ಲಿ ಅಜ್ಜಿ ಅವಳಿಗಾಗಿ ಒರಳಿನಲ್ಲಿ ಚಟ್ನಿ ಕುಟ್ಟುತ್ತಿದ್ದಳು. ನಾನು ಶೇಂಗಾದ ಕೆಂಪು ಸಿಪ್ಪೆ ತಿಕ್ಕಿ ಊದುತ್ತಿದ್ದೆ. ಅತ್ತೆ ಮೊಬೈಲಿನ ಜರ್ಮನ್ ಪಾಠಕ್ಕೆ ಕಿವಿಗೊಟ್ಟು, ಕೇಳಿದ್ದನ್ನೇ ಗೊಣಗುತ್ತಿದ್ದಳು.

“ಏನೇನ ಕಲ್ತಿ?” ಎಂದಳು ಅಜ್ಜಿ.

“ನಮಸ್ಕಾರ, ಥ್ಯಾಂಕ್ಸ್, ತಪ್ಪಾತು ಅನ್ನೋದು.”

“ಬ್ಯಾಡ ಅನ್ನಲಿಕ್ಕೆ?”

“ನೈನ್,” ಎಂದು ಅತ್ತೆ ನಕ್ಕಳು.

“ನಗಬ್ಯಾಡ. ನಕ್ಕೋತ ಅಂದ್ರ ಯಾರೂ ಖರೆ ಅನ್ಕೊಳ್ಳೂದಿಲ್ಲ. ನಾ ಲಗ್ನ ಆಗಿ ಪುಣೆಕ್ಕ ಬಂದಾಗ ಮರಾಠ್ಯಾಗ ಹೌದು ಅನ್ನೋದು ಲಗೂನ ಕಲ್ತೆ. ಬ್ಯಾಡ ಅನ್ನೋದು ಮಾತ್ರ ನನಗ ಯಾವ ಭಾಷಾದಾಗೂ ಬರಲಿಲ್ಲ.”

ಅತ್ತೆ ಮುಖ ಗಂಟಿಕ್ಕಿ ಇನ್ನೊಮ್ಮೆ ಹೇಳಿದಳು. ಅಜ್ಜಿ ಅವಳ ತುಟಿಯನ್ನೇ ನೋಡುತ್ತಿದ್ದಳು.

ಹೊರಗಿನ ಕೋಣೆಯಿಂದ ಅಜ್ಜ ಕೂಗಿದ: “ಅದನ್ನ ಬಿಟ್ಟು ಮೊದಲ ಚಹಾ ಮಾಡ.”

ಒರಳಿನ ಸದ್ದು ನಿಂತಿತು. ಅಜ್ಜಿ ಏಳಲಿಲ್ಲ.

“ನೈನ್,” ಎಂದಳು. ನಗಲಿಲ್ಲ.

“ಏನಂದಿ?” ಎಂದು ಅಜ್ಜ ಎರಡೆರಡು ಸಲ ಕೇಳಿದ. ನಾವು ಯಾರೂ ಅರ್ಥ ಹೇಳಲಿಲ್ಲ. ಅಜ್ಜಿ ಮತ್ತೆ ಕುಟ್ಟತೊಡಗಿದಳು.